ಸಣ್ಣ ಹಾಲ್‌ನಿಂದ ಬ್ರಾಡ್‌ವೇಗೆ: ಗೆದ್ದ ಸಂಗೀತ ನಾಟಕವನ್ನು ಕಡಲಾಚೆ ಒಯ್ಯುವ ಸಮಗ್ರ ಮಾರ್ಗದರ್ಶಿ

2019ರ ಮೇ ತಿಂಗಳು. ಲಂಡನ್ನಿನ ನ್ಯೂ ಡಿಯೊರಾಮಾ ಎಂಬ 80 ಸೀಟಿನ ಹಾಲ್‌ನಲ್ಲಿ 'ಆಪರೇಷನ್ ಮಿನ್ಸ್‌ಮೀಟ್' ಎಂಬ ಸಂಗೀತ ನಾಟಕ ಶುರುವಾಯಿತು. ಎರಡನೇ ಮಹಾಯುದ್ಧದ ನಿಜ ಕತೆ ಅದು. 1943ರಲ್ಲಿ ಬ್ರಿಟಿಷ್ ಗೂಢಚಾರರು ಒಂದು ಹೆಣಕ್ಕೆ ಅಧಿಕಾರಿಯ ಸಮವಸ್ತ್ರ ತೊಡಿಸಿದರು. ಸುಳ್ಳು ಪತ್ರಗಳನ್ನು ಜೊತೆಗಿಟ್ಟು ಸ್ಪೇನ್ ಕರಾವಳಿಯಲ್ಲಿ ತೇಲಿಬಿಟ್ಟು ಹಿಟ್ಲರ್‌ನ ಸೇನೆಯನ್ನು ಯಾಮಾರಿಸಿದರು. ಈ ಕತೆಯನ್ನು ಐದೇ ಜನ ನಟರು ಹತ್ತಾರು ಪಾತ್ರಗಳಾಗಿ, ಹಾಡಿ, ಕುಣಿದು, ನಗಿಸಿ ಹೇಳುತ್ತಾರೆ. 2023ರಲ್ಲಿ ಅದು ಲಂಡನ್ನಿನ ದೊಡ್ಡ ಥಿಯೇಟರುಗಳ ಪ್ರದೇಶವಾದ ವೆಸ್ಟ್ ಎಂಡ್‌ನ ಫಾರ್ಚೂನ್ ಥಿಯೇಟರ್ ಸೇರಿತು. 2024ರಲ್ಲಿ ಅತ್ಯುತ್ತಮ ಹೊಸ ಸಂಗೀತ ನಾಟಕಕ್ಕೆ ಬ್ರಿಟನ್ನಿನಲ್ಲಿ ಕೊಡುವ ಒಲಿವಿಯೆ ಪ್ರಶಸ್ತಿ ಬಂತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಜಾನ್ ಗೋಲ್ಡನ್ ಥಿಯೇಟರ್‌ನಲ್ಲಿ ವೆಸ್ಟ್ ಎಂಡ್‌ನ ಅದೇ ಐದು ಜನ ರಂಗದ ಮೇಲಿದ್ದರು.

ಇಂಥ ಪಯಣವನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಮಾಡುತ್ತಾರೆ ಅನ್ನುವುದು ಈ ಬರಹದ ವಿಷಯ. ಗುರಿ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳು, ಅಂತ ಇಟ್ಟುಕೊಂಡಿದ್ದೇನೆ. ನಾಟಕದ ಮಾರುಕಟ್ಟೆಗಳಲ್ಲಿ ಗಳಿಕೆಯ ಲೆಕ್ಕದಲ್ಲಿ ಅತಿ ದೊಡ್ಡದು, ಅತಿ ದುಬಾರಿ ಅದು. ನಮ್ಮ ರಂಗಭೂಮಿಯವರು ಓದಿದರೂ ಉಪಯೋಗವಿದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಮೆರಿಕದ ಕನ್ನಡ ಕೂಟಗಳು ಕರೆಸಿ, ಒಂದು ಶನಿವಾರ ಸಂಜೆ ಸಭಾಂಗಣ ತುಂಬಿಸಿಕೊಡುವ ಪ್ರವಾಸ ಬೇರೆ. ಯಾರೂ ಕರೆಯದೆ ನಾವೇ ಹೋಗಿ, ವಾರಕ್ಕೆ ಎಂಟು ಪ್ರದರ್ಶನ ಕೊಟ್ಟು, ಅಪರಿಚಿತರಿಂದ ದುಡ್ಡು ಹುಟ್ಟಿಸುವುದು ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು.

ಹೆಜ್ಜೆ 1: ಗೆದ್ದದ್ದು ಏನು ಅಂತ ಕಂಡುಕೊಳ್ಳಿ

'ನಮ್ಮ ನಾಟಕ ಹೌಸ್‌ಫುಲ್' ಅಂದರೆ ಸಾಲದು. ಯಾವ ಹಾಲ್, ಎಷ್ಟು ಸೀಟು, ಟಿಕೆಟ್ ಎಷ್ಟು, ಬಂದವರು ಯಾರು ಅಂತ ಕೇಳಿಕೊಳ್ಳಿ. 80 ಸೀಟಿನ ಹಾಲ್ ಸತತವಾಗಿ 80 ಬಾರಿ ತುಂಬಿದರೆ 6,400 ಜನ ಆಗುತ್ತಾರೆ. ಸುಮಾರು 800 ಸೀಟಿನ ಗೋಲ್ಡನ್ ಥಿಯೇಟರಿಗೆ ಅಷ್ಟು ಜನ ಒಂದೇ ವಾರಕ್ಕೆ ಬೇಕು. ಮುಂದಿನ ವಾರ ಮತ್ತೆ ಅಷ್ಟೇ ಬೇಕು.

ಹಾಗಾಗಿ ಮೂರು ವಿಷಯ ಬರೆದಿಟ್ಟುಕೊಳ್ಳಿ. ಒಂದು, ನಾಟಕ ಯಾರ ಶಿಫಾರಸೂ ಇಲ್ಲದೆ ಬಂದ ಅಪರಿಚಿತ ಪ್ರೇಕ್ಷಕರಿಗೂ ಹಿಡಿಸಿತಾ? ಗೆಳೆಯರು, ನೆಂಟರು, ರಂಗಾಸಕ್ತರು ತುಂಬಿದ ಹಾಲ್ ಯಾವತ್ತೂ ಸುಳ್ಳು ಹೇಳುತ್ತದೆ. ಎರಡು, ಜನ ಎರಡನೇ ಸಲ ಬರುತ್ತಿದ್ದಾರಾ? ಮೂರು, ಅವರು ಮನೆಗೆ ಹೋದ ಮೇಲೆ ಏನು ಮಾಡುತ್ತಾರೆ? 'ಮಿನ್ಸ್‌ಮೀಟ್' ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ನಾಟಕದಲ್ಲಿ ಬರುವ ಹೆಸ್ಟರ್ ಲೆಗಟ್ ಎಂಬ ಕಚೇರಿ ಮಹಿಳೆಯ ಬಗ್ಗೆ ಇತಿಹಾಸದಲ್ಲಿ ಹೆಚ್ಚೇನೂ ದಾಖಲಾಗಿರಲಿಲ್ಲ. ಅಭಿಮಾನಿಗಳೇ ದಾಖಲೆ ಹುಡುಕಿ ಅವಳ ಬದುಕನ್ನು ಬೆಳಕಿಗೆ ತಂದರು. ಫಾರ್ಚೂನ್ ಥಿಯೇಟರ್‌ನಲ್ಲಿ ಅವಳ ಹೆಸರಿನ ಫಲಕವನ್ನೂ ಹಾಕಲಾಯಿತು. ಇಷ್ಟು ಹಚ್ಚಿಕೊಂಡ ಪ್ರೇಕ್ಷಕರಿದ್ದರೆ ಕಡಲು ದಾಟುವ ಧೈರ್ಯ ಮಾಡಬಹುದು.

'ಸಿಕ್ಸ್' ನಾಟಕದ ಬಲ ಇನ್ನೊಂದು ತರಹದ್ದು. ಟೋಬಿ ಮಾರ್ಲೋ, ಲೂಸಿ ಮಾಸ್ ಕೇಂಬ್ರಿಡ್ಜ್‌ನಲ್ಲಿ ಓದುವಾಗ ಬರೆದದ್ದು ಅದು. ಎಂಟನೇ ಹೆನ್ರಿಯ ಆರು ಹೆಂಡತಿಯರು ಪಾಪ್ ಗಾಯಕಿಯರಂತೆ ಬಂದು ತಮ್ಮ ಕತೆ ಹಾಡುತ್ತಾರೆ. 2017ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಫ್ರಿಂಜ್ ಎಂಬ ಕಲಾ ಉತ್ಸವದಲ್ಲಿ ವಿದ್ಯಾರ್ಥಿಗಳೇ ಆಡಿದರು. 2018ರಲ್ಲಿ ಹಾಡುಗಳ ಆಲ್ಬಂ ಬಂತು. ನಾಟಕ ಅಮೆರಿಕ ತಲುಪುವ ಮುಂಚೆಯೇ ಅಲ್ಲಿನ ಹದಿಹರೆಯದವರಿಗೆ ಹಾಡು ಬಾಯಿಪಾಠ ಆಗಿತ್ತು. ಸಂಗೀತ ನಾಟಕಕ್ಕೆ ಹಾಡಿಗಿಂತ ಅಗ್ಗದ ಜಾಹೀರಾತು ಇಲ್ಲ. ಒಳ್ಳೆ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಸಿ. ಖರ್ಚಿನಲ್ಲಿ ಬೇರೆಲ್ಲಾದರೂ ಕೈ ಬಿಗಿ ಹಿಡಿಯಿರಿ, ಇಲ್ಲಿ ಬೇಡ.

ಹೆಜ್ಜೆ 2: ಹಕ್ಕುಗಳ ಕಾಗದ ಸರಿಮಾಡಿಕೊಳ್ಳಿ

ಸಣ್ಣ ತಂಡಗಳಲ್ಲಿ ಎಲ್ಲವೂ ಬಾಯಿಮಾತಲ್ಲಿ ನಡೆದಿರುತ್ತದೆ. ಒಬ್ಬ ಮಟ್ಟು ಹಾಕಿರುತ್ತಾನೆ, ಇನ್ನೊಬ್ಬಳು ತಾಲೀಮಿನಲ್ಲಿ ಎರಡು ಸಾಲು ಸೇರಿಸಿರುತ್ತಾಳೆ, ಕುಣಿತ ಎಲ್ಲರೂ ಕೂಡಿ ಕಟ್ಟಿದ್ದು. ದುಡ್ಡಿಲ್ಲದಾಗ ಇದು ಚೆಂದ. ದುಡ್ಡಿನ ವಾಸನೆ ಬಂದ ದಿನ ಇದೇ ಜಗಳದ ಮೂಲ. ಆದ್ದರಿಂದ ಹೊರಗಿನ ನಿರ್ಮಾಪಕರ ಜೊತೆ ಮಾತಿಗೆ ಕೂರುವ ಮುಂಚೆ ಒಳಗಿನ ಕಾಗದ ಮುಗಿಸಿ. ಮಾತು, ಹಾಡು, ಸಂಗೀತ, ನಿರ್ದೇಶನ, ನೃತ್ಯ, ವಿನ್ಯಾಸ, ಇವುಗಳಲ್ಲಿ ಯಾರ ಪಾಲು ಎಷ್ಟು ಅಂತ ಬರೆದು ಎಲ್ಲರೂ ಸಹಿ ಹಾಕಿ. ಮೂಲ ನಿರ್ಮಾಪಕರಿಗೆ, ಮೊದಲು ಜಾಗ ಕೊಟ್ಟ ಥಿಯೇಟರಿಗೆ ಮುಂದಿನ ಗಳಿಕೆಯಲ್ಲಿ ಪಾಲಿದೆಯಾ ಅನ್ನುವುದನ್ನೂ ಬರೆಯಿರಿ. ಬೇರೆಯವರ ಹಾಡಿನ ತುಣುಕು ಬಳಸಿದ್ದರೆ ಅದರ ಅನುಮತಿಯನ್ನೂ ಈಗಲೇ ಪಡೆಯಿರಿ.

ಆಮೇಲೆ ಹೊರಗಿನ ಒಪ್ಪಂದ. ನಿರ್ಮಾಪಕರು ಸಾಮಾನ್ಯವಾಗಿ ಮುಂಗಡ ಕೊಟ್ಟು, ಇಂತಿಷ್ಟು ಕಾಲದೊಳಗೆ ನಾಟಕ ಆಡಿಸುವ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತಾರೆ. ಇದಕ್ಕೆ ಆಪ್ಷನ್ ಅನ್ನುತ್ತಾರೆ. ಅವಧಿ ಮುಗಿದರೆ ಹಕ್ಕು ನಿಮಗೆ ವಾಪಸ್ ಬರಬೇಕು. ಕೊಡುವಾಗ ಪ್ರದೇಶ ಬಿಡಿಸಿ ಬರೆಯಿರಿ. ಅಮೆರಿಕದ ಹಕ್ಕು ಕೇಳಿದವರಿಗೆ ಅಮೆರಿಕದ್ದೇ ಕೊಡಿ. 'ಜಗತ್ತಿನಾದ್ಯಂತ, ಎಲ್ಲ ಭಾಷೆಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ' ಅನ್ನುವ ಸಾಲು ಎಲ್ಲಾದರೂ ನುಸುಳಿದರೆ ಅಲ್ಲೇ ನಿಲ್ಲಿಸಿ. ಅಮೆರಿಕದ ರಂಗ ಪದ್ಧತಿಯಲ್ಲಿ ನಾಟಕದ ಕೃತಿಸ್ವಾಮ್ಯ ಬರೆದವರದ್ದೇ. ಅವರ ಒಪ್ಪಿಗೆ ಇಲ್ಲದೆ ಸಾಲು ಬದಲಿಸುವಂತಿಲ್ಲ. ಸಿನಿಮಾದ ಹಾಗಲ್ಲ ಅದು. ಈ ಅನುಕೂಲವನ್ನು ಅಜ್ಞಾನದಿಂದ ಬಿಟ್ಟುಕೊಡಬೇಡಿ. ರಂಗಭೂಮಿಯ ಒಪ್ಪಂದಗಳನ್ನೇ ಮಾಡುವ ನ್ಯೂಯಾರ್ಕ್ ವಕೀಲರು ದುಬಾರಿ, ಆದರೂ ಅವರೇ ಬೇಕು. ಊರಿನ ಪರಿಚಯದ ವಕೀಲರಿಗೆ ಇದು ಗೊತ್ತಿರುವುದಿಲ್ಲ.

ಹೆಜ್ಜೆ 3: ನಡುವೆ ಒಂದು ಮೆಟ್ಟಿಲು ಹುಡುಕಿ

80 ಸೀಟಿನಿಂದ ನೇರ ಬ್ರಾಡ್‌ವೇಗೆ ಹಾರುವುದು ಸುಲಭವಲ್ಲ. 'ಮಿನ್ಸ್‌ಮೀಟ್' ಲಂಡನ್ನಿನಲ್ಲೇ ಸೌತ್‌ವಾರ್ಕ್ ಪ್ಲೇಹೌಸ್, ರಿವರ್‌ಸೈಡ್ ಸ್ಟುಡಿಯೋಸ್ ದಾಟಿಕೊಂಡು ಸುಮಾರು 430 ಸೀಟಿನ ಫಾರ್ಚೂನ್‌ಗೆ ಬಂತು. ಅಲ್ಲಿಗೆ ಬರುವಾಗ ರಾಬರ್ಟ್ ಹೇಸ್ಟಿ ನಿರ್ದೇಶಕರಾಗಿ ಸೇರಿದರು. ಪ್ರತಿ ಮೆಟ್ಟಿಲಲ್ಲೂ ನಾಟಕ ಸ್ವಲ್ಪ ಬದಲಾಯಿತು.

ಅಮೆರಿಕದ ನೆಲದಲ್ಲೂ ಒಂದು ಮೆಟ್ಟಿಲಿದೆ: ಲಾಭಕ್ಕಾಗಿ ನಡೆಯದ ಪ್ರಾದೇಶಿಕ ಥಿಯೇಟರುಗಳು. 'ಸಿಕ್ಸ್' 2019ರಲ್ಲಿ ಮೊದಲು ಶಿಕಾಗೋ ಷೇಕ್ಸ್‌ಪಿಯರ್ ಥಿಯೇಟರ್‌ಗೆ, ಆಮೇಲೆ ಮ್ಯಾಸಚೂಸೆಟ್ಸ್‌ನ ಅಮೆರಿಕನ್ ರೆಪರ್ಟರಿ ಥಿಯೇಟರ್‌ಗೆ ಹೋಯಿತು. 2016ರಲ್ಲಿ ಸೋಲ್ ನಗರದಲ್ಲಿ ಶುರುವಾದ ಕೊರಿಯನ್ ನಾಟಕ 'ಮೇಬಿ ಹ್ಯಾಪಿ ಎಂಡಿಂಗ್' ಇಂಗ್ಲಿಷ್ ರೂಪದಲ್ಲಿ 2020ರ ಆರಂಭದಲ್ಲಿ ಅಟ್ಲಾಂಟಾದ ಅಲಯನ್ಸ್ ಥಿಯೇಟರ್‌ನಲ್ಲಿ ಆಡಿತು. ಇಂಥ ಥಿಯೇಟರುಗಳಿಗೆ ಖಾಯಂ ಚಂದಾದಾರ ಪ್ರೇಕ್ಷಕರಿರುತ್ತಾರೆ. ನಿಮ್ಮ ಹೆಸರು ಕೇಳಿರದಿದ್ದರೂ ಅವರು ಬಂದು ಕೂರುತ್ತಾರೆ. ಎಲ್ಲಿ ನಗುತ್ತಾರೆ, ಎಲ್ಲಿ ಪಿಳಿಪಿಳಿ ನೋಡುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮ ಗಿರೀಶ ಕಾರ್ನಾಡರ 'ನಾಗಮಂಡಲ' 1993ರಲ್ಲಿ ಇಂಗ್ಲಿಷ್‌ನಲ್ಲಿ ಆಡಿದ್ದು ಇಂಥದ್ದೇ ಒಂದು ಥಿಯೇಟರಿನಲ್ಲಿ, ಮಿನಿಯಾಪೊಲಿಸ್‌ನ ಗಥ್ರಿಯಲ್ಲಿ.

ಬ್ರಾಡ್‌ವೇ ಕಡೆ ಕಣ್ಣಿಟ್ಟ ನಿರ್ಮಾಪಕರು ಇಂಥ ಪ್ರಯೋಗಕ್ಕೆ ಪ್ರಾದೇಶಿಕ ಥಿಯೇಟರಿಗೆ ಹೆಚ್ಚುವರಿ ಹಣ ಕೊಡುವುದು ರೂಢಿ. ಪ್ರತಿಯಾಗಿ ಆ ಥಿಯೇಟರ್ ಮುಂದಿನ ಗಳಿಕೆಯಲ್ಲಿ ಸಣ್ಣ ಪಾಲು ಕೇಳುತ್ತದೆ. ಕೊಡಿ, ನಷ್ಟವಿಲ್ಲ.

ಹೆಜ್ಜೆ 4: ದೊಡ್ಡ ಊರಿನಲ್ಲಿ ಚಿಕ್ಕ ಥಿಯೇಟರ್ ಹಿಡಿಯಿರಿ

ಬ್ರಾಡ್‌ವೇ ಅಂದರೆ ಮ್ಯಾನ್‌ಹಟನ್‌ನ 41 ಥಿಯೇಟರುಗಳು. 500 ಸೀಟಿಗಿಂತ ಕಮ್ಮಿ ಇದ್ದರೆ ಆ ಹೆಸರಿಲ್ಲ, ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯೂ ಇಲ್ಲ. ಬಹುಪಾಲು ಶೂಬರ್ಟ್, ನೆದರ್‌ಲ್ಯಾಂಡರ್, ಎಟಿಜಿ ಎಂಬ ಮೂರು ಕಂಪನಿಗಳ ಕೈಯಲ್ಲಿವೆ. ಯಾವ ನಾಟಕಕ್ಕೆ ಯಾವ ಥಿಯೇಟರ್ ಅಂತ ತೀರ್ಮಾನಿಸುವುದು ಅವರೇ. ದುಡ್ಡು ಹಿಡಿದು ಸಾಲಿನಲ್ಲಿ ನಿಂತ ಎಷ್ಟೋ ನಾಟಕಗಳಿಗೆ ಜಾಗವೇ ಸಿಗುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಸಣ್ಣ ನಾಟಕಕ್ಕೆ ಸಣ್ಣ ಥಿಯೇಟರ್ ಸಿಗುವ ತನಕ ಕಾಯಿರಿ. 'ಟ್ಯಾಮಿ ಫೇ' ನೋಡಿ. ಎಲ್ಟನ್ ಜಾನ್ ಸಂಗೀತ. ಲಂಡನ್ನಿನ ಅಲ್ಮೇಡಾ ಥಿಯೇಟರ್‌ನಲ್ಲಿ 2022ರಲ್ಲಿ ಚೆನ್ನಾಗಿ ನಡೆಯಿತು. ಅಲ್ಲಿ ಇದ್ದದ್ದು ಮುನ್ನೂರು ಚಿಲ್ಲರೆ ಸೀಟು. 2024ರ ನವೆಂಬರ್‌ನಲ್ಲಿ ಅದನ್ನು ನ್ಯೂಯಾರ್ಕಿನ ಪ್ಯಾಲೆಸ್ ಥಿಯೇಟರ್‌ಗೆ ತಂದರು. ಅಲ್ಲಿ 1,600ಕ್ಕೂ ಜಾಸ್ತಿ ಸೀಟು. ಅಧಿಕೃತವಾಗಿ ತೆರೆದ ಮೇಲೆ 29 ಪ್ರದರ್ಶನಕ್ಕೆ ಬಾಗಿಲು ಮುಚ್ಚಿತು. ವಿಮರ್ಶೆಗಳೂ ಕೈಕೊಟ್ಟವು ನಿಜ. ಆದರೆ ಅರ್ಧ ಖಾಲಿ ಇರುವ ದೊಡ್ಡ ಹಾಲ್‌ನಲ್ಲಿ ತಮಾಷೆಯೂ ಸಾಯುತ್ತದೆ, ಲೆಕ್ಕವೂ ಸಾಯುತ್ತದೆ. ಅದೇ ಐದು ಜನರ 'ಮಿನ್ಸ್‌ಮೀಟ್'ಗೆ ಸಿಕ್ಕಿದ್ದು ಬ್ರಾಡ್‌ವೇಯ ಚಿಕ್ಕ ಥಿಯೇಟರುಗಳಲ್ಲಿ ಒಂದು. ಹಿಂದಿನ ಸಾಲಿನವರಿಗೂ ನಟರ ಹುಬ್ಬು ಏರುವುದು ಕಾಣುತ್ತದೆ.

ಬಾಡಿಗೆ ಒಪ್ಪಂದದಲ್ಲಿ ಒಂದು ಷರತ್ತು ಇರುತ್ತದೆ, ಗಮನಿಸಿ. ವಾರದ ಗಳಿಕೆ ಒಂದು ಮಟ್ಟಕ್ಕಿಂತ ಕೆಳಗಿಳಿದು ಸಾಮಾನ್ಯವಾಗಿ ಎರಡು ವಾರ ಹಾಗೇ ಉಳಿದರೆ, ಮಾಲೀಕರು ನಿಮ್ಮನ್ನು ಹೊರಹಾಕಬಹುದು. ಆ ಮಟ್ಟ ಎಷ್ಟು ಅನ್ನುವುದರ ಮೇಲೆ ಗಟ್ಟಿಯಾಗಿ ಚೌಕಾಸಿ ಮಾಡಿ.

ಹೆಜ್ಜೆ 5: ವಾರದ ಲೆಕ್ಕ. ಇದನ್ನು ಎರಡು ಸಲ ಓದಿ

ಎಲ್ಲರೂ ಕೇಳುವುದು 'ಬಂಡವಾಳ ಎಷ್ಟು?' ಅಂತ. ನಾಟಕವನ್ನು ಮುಳುಗಿಸುವುದು ಬಂಡವಾಳವಲ್ಲ, ವಾರದ ಖರ್ಚು. ಸಂಬಳ, ಬಾಡಿಗೆ, ಜಾಹೀರಾತು, ಲೈಟ್ ಮತ್ತು ಸೌಂಡ್ ಸಾಮಾನಿನ ಬಾಡಿಗೆ, ವಿಮೆ, ಕಚೇರಿ, ಇವೆಲ್ಲ ಪರದೆ ಏಳಲಿ ಬಿಡಲಿ ಪ್ರತಿ ವಾರ ಬರುವ ಖರ್ಚು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 800 ಸೀಟು, ವಾರಕ್ಕೆ 8 ಪ್ರದರ್ಶನ, ಒಟ್ಟು 6,400 ಸೀಟು. ವಾರದ ಖಾಯಂ ಖರ್ಚು 5,50,000 ಡಾಲರ್. ಬರೆದವರ ರಾಯಧನ, ಥಿಯೇಟರಿನ ಶೇಕಡಾ ಪಾಲು, ಕಾರ್ಡ್ ಕಮಿಷನ್ ಎಲ್ಲ ಸೇರಿ ಗಳಿಕೆಯ 12% ಹೋಗುತ್ತದೆ ಅನ್ನಿ. ಹಾಕಿದ ಬಂಡವಾಳ 90 ಲಕ್ಷ ಡಾಲರ್.

ಸೀಟು 80% ತುಂಬಿ, ಟಿಕೆಟ್ ಸರಾಸರಿ 100 ಡಾಲರಿಗೆ ಹೋದರೆ ಗಳಿಕೆ 5,12,000. ಅದರಲ್ಲಿ 12% ಕಳೆದರೆ 4,50,560. ವಾರಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಡಾಲರ್ ನಷ್ಟ. ಹಾಲ್ ನೋಡಿದವರು 'ಪರವಾಗಿಲ್ಲ, ಜನ ಇದ್ದಾರೆ' ಅನ್ನುತ್ತಾರೆ!

90% ತುಂಬಿ, ಸರಾಸರಿ 115 ಡಾಲರ್ ಆದರೆ ಗಳಿಕೆ 6,62,400. ಕಳೆದು ಕೂಡಿದ ಮೇಲೆ ವಾರಕ್ಕೆ ಉಳಿಯುವುದು ಸುಮಾರು 33,000. ಈ ದರದಲ್ಲಿ ಬಂಡವಾಳ ವಾಪಸ್ ಬರಲು 270ಕ್ಕೂ ಹೆಚ್ಚು ವಾರ ಬೇಕು. ಐದು ವರ್ಷ ದಾಟುತ್ತದೆ.

ಪೂರ್ತಿ ತುಂಬಿ, ಸರಾಸರಿ 140 ಡಾಲರ್ ಸಿಕ್ಕರೆ ವಾರಕ್ಕೆ 2,38,000 ಉಳಿಯುತ್ತದೆ. 38 ವಾರದಲ್ಲಿ ಬಂಡವಾಳ ಕೈಗೆ.

ಮೂರೂ ಸಾಲನ್ನು ಒಟ್ಟಿಗೆ ನೋಡಿ. ಜನರ ಸಂಖ್ಯೆ ಏರಿದ್ದಕ್ಕಿಂತ ಬೆಲೆ ಏರಿದ್ದು ಜಾಸ್ತಿ. ಸರಾಸರಿ ಬೆಲೆಯಲ್ಲಿ ಇದೆ ಮರ್ಮ. ರಿಯಾಯಿತಿ ಟಿಕೆಟ್ ಹಂಚಿ ಹಾಲ್ ತುಂಬಿಸುವುದು ಕಣ್ಣಿಗೆ ತಂಪು, ಖಾತೆಗೆ ಅಲ್ಲ. ಜೊತೆಗೆ ಸಣ್ಣ ತಂಡದ ನಿಜವಾದ ಬಲವೂ ಇಲ್ಲೇ ಕಾಣುತ್ತದೆ. ಐದು ನಟರ ನಾಟಕದ ವಾರದ ಖರ್ಚು ಮೂವತ್ತು ನಟರ ನಾಟಕಕ್ಕಿಂತ ತುಂಬ ಕೆಳಗಿರುತ್ತದೆ. 'ಬ್ರಾಡ್‌ವೇಗೆ ಹೋಗ್ತಿದ್ದೀವಿ, ಇನ್ನು ಹತ್ತು ಜನ ಡ್ಯಾನ್ಸರ್ಸ್ ಸೇರಿಸೋಣ' ಅಂತ ಯಾರಾದರೂ ಹೇಳಿದರೆ, ಮೇಲಿನ ಲೆಕ್ಕ ತೋರಿಸಿ.

ಇನ್ನೊಂದು ಸಂಗತಿ. ಬ್ರಾಡ್‌ವೇಯಲ್ಲಿ ಪ್ರತಿ ನಾಟಕದ ವಾರದ ಗಳಿಕೆಯನ್ನು ನಿರ್ಮಾಪಕರ, ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ವಾರವಾರ ಪ್ರಕಟಿಸುತ್ತದೆ. ಲಂಡನ್ನಿನಲ್ಲಿ ಹಾಗಿಲ್ಲ. ಅಂದರೆ ನಿಮ್ಮ ಕೆಟ್ಟ ವಾರ ಊರಿಗೆಲ್ಲ ಗೊತ್ತಾಗುತ್ತದೆ. 'ಮೇಬಿ ಹ್ಯಾಪಿ ಎಂಡಿಂಗ್' 2024ರಲ್ಲಿ ಬೆಲಾಸ್ಕೋ ಥಿಯೇಟರ್‌ನಲ್ಲಿ ಶುರುವಾದಾಗ ಗಳಿಕೆ ತೀರಾ ಕಮ್ಮಿ. ಇಷ್ಟರಲ್ಲೇ ಮುಚ್ಚುತ್ತದೆ ಅಂತ ಎಲ್ಲರೂ ಮಾತಾಡಿಕೊಂಡರು. ನಿರ್ಮಾಪಕರು ಕಚ್ಚಿಕೊಂಡು ಕೂತರು. ಒಳ್ಳೆ ವಿಮರ್ಶೆ, ಬಾಯಿಂದ ಬಾಯಿಗೆ ಹರಡಿದ ಮಾತು, ಎರಡೂ ಕೈಹಿಡಿದವು. ವಾರದ ಗಳಿಕೆ 10 ಲಕ್ಷ ಡಾಲರ್ ದಾಟಿತು. 2025ರಲ್ಲಿ ಅತ್ಯುತ್ತಮ ಸಂಗೀತ ನಾಟಕ ಸೇರಿ 6 ಟೋನಿ ಬಂದವು. ಕಚ್ಚಿಕೊಂಡು ಕೂರಲು ಮೀಸಲು ನಿಧಿ ಬೇಕು. ಬಂಡವಾಳದ ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಆ ನಿಧಿಗೇ. ಅದನ್ನು ಮುಟ್ಟಲು ಬಿಡಬೇಡಿ.

ಹೆಜ್ಜೆ 6: ಹಣ ಎತ್ತುವುದು

ಪರದೇಶದಿಂದ ಬಂದವರು ಸ್ಥಳೀಯ ಮುಖ್ಯ ನಿರ್ಮಾಪಕರನ್ನು ಜೊತೆ ಮಾಡಿಕೊಳ್ಳದೆ ಇದನ್ನು ಮಾಡಲಾಗದು. ಥಿಯೇಟರ್ ಮಾಲೀಕರು ಫೋನ್ ಎತ್ತುವುದು ಪರಿಚಯದವರಿಗೆ. ಒಂದೊಂದು ನಾಟಕಕ್ಕೂ ಪ್ರತ್ಯೇಕ ಕಂಪನಿ ಕಟ್ಟಿ ಪಾಲುದಾರರಿಂದ ಹಣ ಸೇರಿಸುತ್ತಾರೆ. ಅಮೆರಿಕದ ಷೇರು ಕಾಯಿದೆ ಇದಕ್ಕೂ ಅನ್ವಯಿಸುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ ಇರುವವರು ಅಥವಾ ಮನೆ ಬಿಟ್ಟು 10 ಲಕ್ಷ ಡಾಲರ್ ನಿವ್ವಳ ಆಸ್ತಿ ಇರುವವರಿಂದ ಹಣ ಪಡೆಯುತ್ತಾರೆ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನಿಂದ, ಸಂಘದ ಗೆಳೆಯರಿಂದ ವಾಟ್ಸ್ಆ್ಯಪ್‌ನಲ್ಲಿ ಚಂದಾ ಎತ್ತಿದ ಹಾಗೆ ಎತ್ತಿದರೆ ಕಾನೂನು ತೊಡಕು ಖಂಡಿತ.

ಹಂಚಿಕೆಯ ರೂಢಿ ಹೀಗೆ: ಲಾಭ ಬಂದಾಗ ಮೊದಲು ಹೂಡಿದವರ ಅಸಲು ವಾಪಸ್. ಆಮೇಲಿನ ಲಾಭದಲ್ಲಿ ಅರ್ಧ ಹೂಡಿದವರಿಗೆ, ಅರ್ಧ ನಿರ್ಮಾಪಕರಿಗೆ. ಬರೆದವರು, ನಿರ್ದೇಶಕರು, ವಿನ್ಯಾಸಕರು ಅಸಲು ಬರುವ ತನಕ ಕಮ್ಮಿ ರಾಯಧನಕ್ಕೆ ಒಪ್ಪಿ, ಆಮೇಲೆ ಜಾಸ್ತಿ ಪಡೆಯುವ ಒಪ್ಪಂದ ಈಗ ಸಾಮಾನ್ಯ. ಐದರಲ್ಲಿ ನಾಲ್ಕು ನಾಟಕ ಅಸಲು ಕೂಡ ತರುವುದಿಲ್ಲ ಅನ್ನುವುದು ಅಲ್ಲಿನ ನಿರ್ಮಾಪಕರ ಹಳೇ ಮಾತು. ಹಣ ಕೇಳುವಾಗ ಇದನ್ನು ಮುಚ್ಚಿಡಬೇಡಿ. ಕಳೆದುಕೊಂಡರೂ ನಿದ್ದೆ ಮಾಡಬಲ್ಲವರ ದುಡ್ಡು ಮಾತ್ರ ತಗೊಳ್ಳಿ.

ಹೆಜ್ಜೆ 7: ಯಾರು ಹೋಗುತ್ತಾರೆ? ವೀಸಾ, ಯೂನಿಯನ್

ತಂಡದ ಮನಸ್ಸು ಮುರಿಯುವುದು ಇಲ್ಲಿ. ಊರಲ್ಲಿ ಮೊದಲ ದಿನದಿಂದ ಇದ್ದ ಎಲ್ಲರಿಗೂ ವಿಮಾನ ಸಿಗುವುದಿಲ್ಲ. ಅಮೆರಿಕದ ನಟರ ಯೂನಿಯನ್ ಆ್ಯಕ್ಟರ್ಸ್ ಈಕ್ವಿಟಿ ಹೊರಗಿನ ನಟರ ವಿಷಯದಲ್ಲಿ ಬಿಗಿ. ತಾರೆ, ಬೇರೆಯವರಿಂದ ಆಗದ ವಿಶೇಷ ಕೌಶಲ, ಒಟ್ಟಿಗೇ ಇರಬೇಕಾದ ಇಡೀ ತಂಡ, ಅಥವಾ ಬ್ರಿಟಿಷ್ ಯೂನಿಯನ್ ಜೊತೆಗಿನ ವಿನಿಮಯ, ಇಂಥ ಕಾರಣ ಬೇಕು. 'ಮಿನ್ಸ್‌ಮೀಟ್'ನ ಐದು ನಟರಲ್ಲಿ ಮೂವರು ಅದನ್ನು ಬರೆದವರೂ ಹೌದು. ಅಂಥ ತಂಡವನ್ನು ಬಿಡಿಸುವುದು ಕಷ್ಟ ಅಂತ ಯಾರಿಗೂ ಅರ್ಥವಾಗುತ್ತದೆ. 'ಸಿಕ್ಸ್' ಉಲ್ಟಾ ದಾರಿ ಹಿಡಿಯಿತು, ಅಮೆರಿಕದಲ್ಲಿ ಅಲ್ಲಿನ ನಟಿಯರನ್ನೇ ತೆಗೆದುಕೊಂಡಿತು. ನಾಟಕ ನಟರ ಮೇಲೆ ನಿಂತಿದೆಯಾ, ಹಾಡಿನ ಮೇಲೆ ನಿಂತಿದೆಯಾ ಅಂತ ಮೊದಲೇ ತೀರ್ಮಾನಿಸಿ. ಯಾರನ್ನು ಕರೆದೊಯ್ಯುವುದಿಲ್ಲವೋ ಅವರಿಗೆ ನೀವೇ ಎದುರು ಕೂತು ಹೇಳಿ. ಪತ್ರಿಕೆಯಲ್ಲಿ ಓದಿ ತಿಳಿಯುವ ಹಾಗೆ ಮಾಡಬೇಡಿ.

ವೀಸಾ ಸಾಮಾನ್ಯವಾಗಿ ಒ-1ಬಿ ಅಥವಾ ಪಿ ವರ್ಗದ್ದು. ಅಸಾಧಾರಣ ಸಾಧನೆ ಇರುವ ಒಬ್ಬೊಬ್ಬರಿಗೆ ಒ-1ಬಿ, ಅವರ ಜೊತೆಗಾರರಿಗೆ ಒ-2. ಯಕ್ಷಗಾನದಂಥ, ಒಂದು ಸಂಸ್ಕೃತಿಗೇ ವಿಶಿಷ್ಟವಾದ ಕಲೆಯ ತಂಡಗಳಿಗೆ ಪಿ-3 ಇದೆ. ಅರ್ಜಿ ಹಾಕಬೇಕಾದವರು ನೀವಲ್ಲ, ಅಮೆರಿಕದಲ್ಲಿರುವ ಉದ್ಯೋಗದಾತರು ಅಥವಾ ಏಜೆಂಟ್. ಸಂಬಂಧಪಟ್ಟ ಯೂನಿಯನ್ನಿನ ಅಭಿಪ್ರಾಯ ಪತ್ರ ಲಗತ್ತಿಸಬೇಕು. ವಿಮರ್ಶೆ, ಪ್ರಶಸ್ತಿ, ಸಂದರ್ಶನ, ಪ್ರತಿಯೊಂದರ ಕತ್ತರಿಕೆಯನ್ನೂ ಮೊದಲ ಪ್ರದರ್ಶನದಿಂದಲೇ ಫೈಲ್ ಮಾಡಿಡಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮತ್ತು ದೃಢೀಕರಣ ಬೇಕು. ಹೊರದೇಶದ ಕಲಾವಿದರ ಸಂಭಾವನೆಯಲ್ಲಿ 30% ತೆರಿಗೆ ಮೊದಲೇ ಮುರಿದುಕೊಳ್ಳುವುದು ಅಲ್ಲಿನ ಸಾಮಾನ್ಯ ನಿಯಮ. ಇದನ್ನು ಕಮ್ಮಿ ಮಾಡಿಸುವ ದಾರಿಗಳಿವೆ, ಆದರೆ ಮುಂಚಿತವಾಗಿ ಅರ್ಜಿ ಹಾಕಿರಬೇಕು.

ರಂಗದ ಕೆಲಸಗಾರರಿಗೆ, ವಾದ್ಯದವರಿಗೆ, ವಸ್ತ್ರದವರಿಗೆ ಬೇರೆ ಬೇರೆ ಯೂನಿಯನ್ ಇವೆ. ನಿಮ್ಮ ಊರಲ್ಲಿ ನಟನೇ ಕುರ್ಚಿ ಎತ್ತಿಟ್ಟು, ಲೈಟ್ ತಿರುಗಿಸಿ, ಟಿಕೆಟ್ ಹರಿದಿರಬಹುದು. ಅಲ್ಲಿ ಅದಕ್ಕೆ ಜಾಗವಿಲ್ಲ. ದೊಡ್ಡ ಥಿಯೇಟರುಗಳಲ್ಲಿ ಇಂತಿಷ್ಟು ವಾದ್ಯದವರು ಇರಲೇಬೇಕು ಅನ್ನುವ ನಿಯಮವಿದೆ. ಅತಿ ದೊಡ್ಡವುಗಳಲ್ಲಿ ಅದು 18-19ಕ್ಕೆ ಹೋಗುತ್ತದೆ. ನಾಲ್ಕು ಜನರ ವಾದ್ಯವೃಂದದ 'ಸಿಕ್ಸ್'ನಂಥ ನಾಟಕಗಳು ಯೂನಿಯನ್ ಜೊತೆ ಮಾತಾಡಿ ಕಲಾತ್ಮಕ ಕಾರಣ ತೋರಿಸಿ ವಿನಾಯಿತಿ ಕೇಳಬಹುದು. ಚಿಕ್ಕ ಥಿಯೇಟರ್ ಹಿಡಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಬದಲಿ ನಟರನ್ನು ಮರೆಯಬೇಡಿ. ಒಬ್ಬೊಬ್ಬರೂ ಹದಿನೈದು ಪಾತ್ರ ಮಾಡುವ ನಾಟಕದಲ್ಲಿ ಒಬ್ಬರಿಗೆ ಜ್ವರ ಬಂದರೆ ಹದಿನೈದು ಪಾತ್ರ ರಜ. ವಾರಕ್ಕೆ ಎಂಟು ಪ್ರದರ್ಶನ ಅನ್ನುವುದು ಗಂಟಲಿಗೂ ಮಂಡಿಗೂ ದೊಡ್ಡ ಪರೀಕ್ಷೆ.

ಹೆಜ್ಜೆ 8: ಸೆಟ್ ಒಯ್ಯಬೇಕಾ, ಅಲ್ಲೇ ಕಟ್ಟಬೇಕಾ?

ಗುಬ್ಬಿ ಕಂಪನಿಯವರು ಕ್ಯಾಂಪ್ ಬದಲಿಸುವಾಗ ಸೀನರಿ, ಪೆಟ್ಟಿಗೆಗಳನ್ನೆಲ್ಲ ಒಯ್ಯುತ್ತಿದ್ದರು. ಕಡಲಾಚೆಯ ದೀರ್ಘ ಪ್ರದರ್ಶನಕ್ಕೆ ಬಹುತೇಕ ಅಲ್ಲೇ ಕಟ್ಟುವುದು ಲೇಸು. ಬ್ರಿಟನ್ನಿನಲ್ಲಿ ಮತ್ತು ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆ ಬಟ್ಟೆ, ಮರ ಎಲ್ಲದಕ್ಕೂ ಬೆಂಕಿ ನಿರೋಧಕ ಪ್ರಮಾಣ ಕೇಳುತ್ತದೆ. ತಾತ್ಕಾಲಿಕವಾಗಿ ಸಾಮಾನು ಒಯ್ಯುವ ಕಾರ್ನೆಟ್ ದಾಖಲೆಗೆ ಒಂದು ವರ್ಷ ಮಾತ್ರ ಆಯಸ್ಸು. ಪ್ರವಾಸಕ್ಕೆ ಅದು ಸಾಕು, ಮುಗಿಯುವ ದಿನ ಗೊತ್ತಿಲ್ಲದ ಪ್ರದರ್ಶನಕ್ಕೆ ಸಾಲದು. ಹೊಸ ತಂತ್ರಜ್ಞಾನ ಬಳಸುವವರು ಸಮಯ ಜಾಸ್ತಿ ಇಟ್ಟುಕೊಳ್ಳಿ. 'ಮೇಬಿ ಹ್ಯಾಪಿ ಎಂಡಿಂಗ್' ಸೆಟ್ಟಿನ ಭಾಗಗಳು ಸಮಯಕ್ಕೆ ಬಾರದೆ ಪ್ರಿವ್ಯೂಗಳನ್ನೇ (ಅಧಿಕೃತ ಆರಂಭಕ್ಕೆ ಮುಂಚಿನ ಪ್ರದರ್ಶನಗಳನ್ನೇ) ತಿಂಗಳ ಮಟ್ಟಿಗೆ ಮುಂದೂಡಬೇಕಾಯಿತು.

ಹೆಜ್ಜೆ 9: ಬರಹ ತಿದ್ದಿ, ಆದರೆ ಕೈ ಹಿಡಿತದಲ್ಲಿರಲಿ

ಅರ್ಥವಾಗದ ಜೋಕ್ ತೆಗೆಯಿರಿ. ಕತೆಗೆ ಬೇಕಾದ ಹಿನ್ನೆಲೆ ಗೊತ್ತಿಲ್ಲದವರಿಗೆ ಮೊದಲ ಹತ್ತು ನಿಮಿಷದಲ್ಲಿ ಅದನ್ನು ಹಾಡಿನಲ್ಲೇ ಹೇಳಿ. ಅಲ್ಲಿಗೆ ನಿಲ್ಲಿಸಿ. ಪಾತ್ರಗಳನ್ನು ಅಮೆರಿಕಕ್ಕೆ ಕರೆದೊಯ್ಯುವ ಚಪಲ ಬೇಡ. 'ಮೇಬಿ ಹ್ಯಾಪಿ ಎಂಡಿಂಗ್'ನ ರೋಬಾಟ್‌ಗಳು ಬ್ರಾಡ್‌ವೇಯಲ್ಲೂ ಸೋಲ್ ನಗರದ ಅಪಾರ್ಟ್‌ಮೆಂಟಿನಲ್ಲೇ ಇದ್ದಾವೆ, ಮಿಂಚುಹುಳ ನೋಡಲು ಜೇಜು ದ್ವೀಪಕ್ಕೇ ಹೋಗುತ್ತವೆ. ಆ ನಾಟಕ ಬರೆದ ಹ್ಯೂ ಪಾರ್ಕ್, ವಿಲ್ ಆರನ್‌ಸನ್ ಜೋಡಿ ಕೊರಿಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ತಾವೇ ಬರೆದರು. ಹಾಡಿನ ಅನುವಾದವನ್ನು ಮಟ್ಟು ಗೊತ್ತಿಲ್ಲದವರ ಕೈಗೆ ಕೊಟ್ಟರೆ ಮಾತ್ರೆ ಕೂರುವುದಿಲ್ಲ, ನಗುವೂ ಬರುವುದಿಲ್ಲ.

ಹೆಜ್ಜೆ 10: ದಿನಾಂಕ, ಟಿಕೆಟ್, ಟೋನಿ

ಟೋನಿಗೆ ಅರ್ಹರಾಗಲು ಏಪ್ರಿಲ್ ಕೊನೆಯ ಹೊತ್ತಿಗೆ ನಾಟಕ ಅಧಿಕೃತವಾಗಿ ತೆರೆದಿರಬೇಕು. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನೂಕುನುಗ್ಗಲು. ಮತದಾರರ ನೆನಪಿನಲ್ಲಿ ತಾಜಾ ಇರುತ್ತೀರಿ, ಆದರೆ ಪತ್ರಿಕೆಗಳ ಜಾಗಕ್ಕೆ ಹತ್ತಾರು ನಾಟಕಗಳ ಜೊತೆ ಗುದ್ದಾಡಬೇಕು. ಶರತ್ಕಾಲದಲ್ಲಿ ತೆರೆದರೆ ಕ್ರಿಸ್‌ಮಸ್ ಜನ ಸಿಗುತ್ತಾರೆ, ಆಮೇಲೆ ಜನವರಿ-ಫೆಬ್ರವರಿಯ ಚಳಿ ದಾಟಬೇಕು.

'ಮಿನ್ಸ್‌ಮೀಟ್' ಒಂದು ಜಾಣತನ ಮಾಡಿತು. ಮೊದಲು 16 ವಾರ ಮಾತ್ರ ಅಂತ ಘೋಷಿಸಿತು, ಆಮೇಲೆ ಮತ್ತೆ ಮತ್ತೆ ವಿಸ್ತರಿಸಿತು. 'ಬೇಗ ನೋಡಿ' ಅನ್ನಲು ನಿಜವಾದ ಕಾರಣ ಸಿಕ್ಕಿತು. ಪ್ರತಿ ವಿಸ್ತರಣೆಯೂ ಸುದ್ದಿಯಾಯಿತು. ಕೈಕೊಟ್ಟಿದ್ದರೆ ಮರ್ಯಾದೆಯಿಂದ ಹೊರಡಲು ದಾರಿಯೂ ಇತ್ತು. ಹೊಸ ಮಾರುಕಟ್ಟೆಗೆ ಕಾಲಿಡುವ ಯಾವ ಸಣ್ಣ ನಾಟಕಕ್ಕೂ ನಾನು ಇದನ್ನೇ ಹೇಳುತ್ತೇನೆ.

ಬೆಳಗ್ಗೆ ಕ್ಯೂನಲ್ಲಿ ನಿಂತವರಿಗೆ, ಲಾಟರಿಯಲ್ಲಿ ಗೆದ್ದವರಿಗೆ ಕೊಡುವ ಕಮ್ಮಿ ಬೆಲೆಯ ಸೀಟುಗಳನ್ನು ಅಳೆದು ಇಡಿ. ಯುವ ಅಭಿಮಾನಿಗಳು ಬರುವುದು ಅಲ್ಲಿಂದಲೇ. ಟೈಮ್ಸ್ ಸ್ಕ್ವೇರ್‌ನ ಅರ್ಧ ಬೆಲೆಯ ಕೌಂಟರ್ ಕೂಡ ಇದೆ. ಮೊದಲ ವಾರದಲ್ಲೇ ಅಲ್ಲಿ ರಾಶಿ ಸುರಿದರೆ ಸರಾಸರಿ ಬೆಲೆ ಬಿದ್ದು, ಹೆಜ್ಜೆ 5ರ ಮೊದಲ ಸಾಲಿಗೆ ಹೋಗಿ ನಿಲ್ಲುತ್ತೀರಿ.

ಹೆಜ್ಜೆ 11: ಪ್ರಿವ್ಯೂ, ಆಮೇಲೆ ಪರದೆ

ಅಧಿಕೃತ ಆರಂಭಕ್ಕೆ ಮುಂಚೆ ಮೂರು ನಾಲ್ಕು ವಾರ ಟಿಕೆಟ್ ಇಟ್ಟು ಪ್ರಿವ್ಯೂ ಮಾಡುತ್ತಾರೆ. ಹಗಲು ತಾಲೀಮು, ರಾತ್ರಿ ಪ್ರದರ್ಶನ. ಎಲ್ಲಿ ನಗು ತಪ್ಪಿತು ಅಂತ ಬರೆದುಕೊಂಡು ಮಾರನೇ ದಿನ ತಿದ್ದುತ್ತಾರೆ. ಒಂದು ದಿನ 'ಇನ್ನು ಯಾವ ಬದಲಾವಣೆಯೂ ಇಲ್ಲ' ಅಂತ ನಿಲ್ಲಿಸುತ್ತಾರೆ. ವಿಮರ್ಶಕರು ಕೊನೆಯ ಪ್ರಿವ್ಯೂಗಳಿಗೆ ಬಂದು ಹೋಗುತ್ತಾರೆ, ವಿಮರ್ಶೆ ಹೊರಬೀಳುವುದು ಆರಂಭದ ರಾತ್ರಿ.

ಯಾವ ಯೋಜನೆಗೂ ಸಿಗದ ಅನಾಹುತಗಳೂ ಇವೆ. 'ಸಿಕ್ಸ್' ಬ್ರಾಡ್‌ವೇಯಲ್ಲಿ ತೆರೆಯಬೇಕಿದ್ದದ್ದು 2020ರ ಮಾರ್ಚ್ 12ರ ರಾತ್ರಿ. ಕೋವಿಡ್ ಕಾರಣಕ್ಕೆ ಅದೇ ದಿನ ಬ್ರಾಡ್‌ವೇ ಪೂರ್ತಿ ಮುಚ್ಚಿತು. ಅದು ನಿಜವಾಗಿ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಇಷ್ಟು ದಿನ ಕಾದು ಬದುಕಿಕೊಂಡದ್ದಕ್ಕೆ ವಾರದ ಖರ್ಚು ಚಿಕ್ಕದಿದ್ದದ್ದು, ಹಾಡುಗಳು ಅಷ್ಟರಲ್ಲೇ ಜನರ ಬಾಯಲ್ಲಿದ್ದದ್ದು ಎರಡೂ ಸಹಾಯ ಮಾಡಿರಬೇಕು ಅಂತ ನನ್ನ ಅನಿಸಿಕೆ.

ಹೆಜ್ಜೆ 12: ಊರಿನ ಪ್ರದರ್ಶನ ನಿಲ್ಲಿಸಬೇಡಿ

ಮೂಲ ತಂಡ ವಿಮಾನ ಹತ್ತುವ ಮುಂಚೆ ಊರಿನಲ್ಲಿ ಇನ್ನೊಂದು ತಂಡ ತಯಾರಾಗಿರಲಿ. 'ಮಿನ್ಸ್‌ಮೀಟ್' ನ್ಯೂಯಾರ್ಕಿಗೆ ಹೋದಾಗಲೂ ಫಾರ್ಚೂನ್‌ನಲ್ಲಿ ಬೇರೆ ನಟರು ಆಡುತ್ತಲೇ ಇದ್ದರು. ಇದಕ್ಕೆ ಒಂದು ಪುಸ್ತಕ ಬೇಕು. ಪ್ರತಿ ನಡೆ, ಪ್ರತಿ ಟೋಪಿ ಬದಲಾವಣೆ, ಪ್ರತಿ ಲೈಟ್ ಸೂಚನೆ ಬರೆದಿಟ್ಟ ರಂಗ ನಿರ್ವಾಹಕರ ಪ್ರತಿ. ಸಣ್ಣ ತಂಡಗಳಲ್ಲಿ ಇದು ನಟರ ತಲೆಯಲ್ಲಷ್ಟೇ ಇರುತ್ತದೆ. ಮೊದಲ ಸಲ ಹೌಸ್‌ಫುಲ್ ಆದ ವಾರವೇ ಒಬ್ಬರನ್ನು ಕೂರಿಸಿ ಬರೆಸಿ, ಪ್ರದರ್ಶನದ ವಿಡಿಯೋ ಮಾಡಿಸಿ. ನ್ಯೂಯಾರ್ಕಿನಲ್ಲಿ ಬದಲಿ ನಟರನ್ನು ತಯಾರು ಮಾಡಲು, ಆಮೇಲೆ ಬೇರೆ ಊರುಗಳ ಪ್ರವಾಸಕ್ಕೆ, ಕೊನೆಗೆ ಕಾಲೇಜು ಮತ್ತು ಹವ್ಯಾಸಿ ತಂಡಗಳಿಗೆ ಹಕ್ಕು ಮಾರುವಾಗ ಕೂಡ ಕೆಲಸಕ್ಕೆ ಬರುವುದು ಅದೇ ಪ್ರತಿ. ಬ್ರಾಡ್‌ವೇಯಲ್ಲಿ ಅಸಲು ಬಾರದ ನಾಟಕಗಳು ಕೂಡ ಹವ್ಯಾಸಿ ತಂಡಗಳ ರಾಯಧನದಿಂದ ಬರೆದವರಿಗೆ ವರ್ಷಗಟ್ಟಲೆ ಕೈಖರ್ಚು ಕೊಡುವುದುಂಟು. ಆ ಹಕ್ಕಿನಲ್ಲಿ ಬ್ರಾಡ್‌ವೇ ನಿರ್ಮಾಪಕರಿಗೆ ಎಷ್ಟು ಪಾಲು, ಎಷ್ಟು ವರ್ಷ ಅಂತ ಹೆಜ್ಜೆ 2ರ ಕಾಗದದಲ್ಲಿ ಬರೆದಿದ್ದೀರಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ.